ಕಲ್ಲು ಸರಿಸಿದವರು ಯಾರು?

ನಮ್ಮ ಸೋದರಮಾವ ಜೀವನದಲ್ಲಿ ಒಂದು ಸಲವೂ ತಪ್ಪು ಮಾಡಿದವರಲ್ಲ. ಬೇಕಾದರೆ ಅವರನ್ನೇ ಕೇಳಿ!

ಹರಿಹರದ ಸುತ್ತ ಬೋರ್‌ವೆಲ್‌ಗೆ ಪಾಯಿಂಟ್ ಮಾಡುವುದು, ಅಂದರೆ ನೀರಿರುವ ಜಾಗ ಗುರುತಿಸುವುದು, ಅವರ ಕಸುಬು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಾರೆ. ಕಾಯಿ ಎದ್ದು ನಿಂತಲ್ಲಿ ಕಲ್ಲಿಟ್ಟು ಕುಂಕುಮ ಹಚ್ಚುತ್ತಾರೆ. ನೀರು ಬಂದರೆ ಹಾರ, ಶಾಲು. ಬರೀ ಧೂಳೆದ್ದರೆ? "ನೀವೇ ಕಲ್ಲು ಸರಿಸೀರಿ!" ಎಂದು ಹೊಲದವರನ್ನೇ ಗದರಿಸಿ ಬೈಕ್ ಹತ್ತಿಬಿಡುತ್ತಾರೆ. ಕುಕ್ಕುವಾಡದ ನಮ್ಮ ಹೊಲದಲ್ಲೂ ಧೂಳೇ ಎದ್ದಿತ್ತು. ಕಲ್ಲು ಸರಿಸಿದ ಅಪವಾದ ಅಪ್ಪನ ಮೇಲೆ ಬಂತು. ಅಪ್ಪ ತೀರಿಕೊಂಡ ಮೇಲೂ, ಯಾವ ಮದುವೆ ಊಟಕ್ಕೆ ಕೂತರೂ ಮಾವ ಆ ಮಾತು ಎತ್ತುತ್ತಿದ್ದರು. ಅಮ್ಮ ಅನ್ನ ಕಲಸುತ್ತಲೇ ಇರುತ್ತಿದ್ದಳು. ನನಗೆ ಮಾತ್ರ ಮೈ ಉರಿಯುತ್ತಿತ್ತು.

ಇಂಥ ಮಾವನ ಬೆನ್ನುಮೂಳೆಯಲ್ಲಿ ಗಡ್ಡೆ ಬೆಳೆಯಿತು. ಬಲಗಾಲು ಮರಗಟ್ಟತೊಡಗಿತು. ದಾವಣಗೆರೆಯ ಡಾಕ್ಟರು ಸಣ್ಣ ತೂತು ಸಾಕು ಎಂದರು. ಅವರದೊಂದು ಕನ್ನಡಕವಂತೆ, ಹಾಕಿಕೊಂಡರೆ ಸ್ಕ್ಯಾನಿಂಗ್ ಚಿತ್ರ ಬೆನ್ನಿನ ಮೇಲೇ ಮೂಡಿ, ಒಳಗಿನ ಮೂಳೆ ಎಲ್ಲಿ, ಗಡ್ಡೆ ಎಲ್ಲಿ ಎಂದು ತೋರಿಸುತ್ತದಂತೆ.

"ನಂದೂ ಅದೇ ಕೆಲ್ಸ ಬಿಡ್ರಿ," ಎಂದರು ಮಾವ. "ನಿಮಗ ಕನ್ನಡಕ ಬೇಕು, ನನಗ ಕಾಯಿ ಸಾಕು."

ಡಾಕ್ಟರು ನಗಲಿಲ್ಲ. "ಯಜಮಾನ್ರೇ, ಪಕ್ಕದಾಗೇ ನರ ಐತೆ. ಚೂರು ತಪ್ಪಿದ್ರೂ ಕಾಲು ಹೋಗ್ತದೆ." ಕನ್ನಡಕದ ಚಿತ್ರ ಸರಿಯಾದ ಜಾಗದಲ್ಲಿ ಕೂರಲು ಗುರುತಿಗೆಂದು ಬೆನ್ನಿಗೆ ಆರು ಸ್ಟಿಕ್ಕರ್ ಅಂಟಿಸಿ ಸ್ಕ್ಯಾನ್ ಮಾಡಿಸಿದರು. "ನಾಳೆ ಆಪರೇಷನ್ ಆಗೋ ತನಕ ಇವನ್ನ ಮುಟ್ಟಬ್ಯಾಡ್ರಿ."

ಮಾವ ಮುಟ್ಟಲಿಲ್ಲ. ಅತ್ತೆಯ ಕೈಲಿ ಮುಟ್ಟಿಸಿದರು! ವಾರ್ಡಿನಲ್ಲಿ ಬೋರಲು ಮಲಗಿ, ಹೆಂಡತಿಯ ಅಂಗೈ ಮೇಲೆ ಕಾಯಿ ಇಡಿಸಿ, ಬೆನ್ನ ಮೇಲೆಲ್ಲ ಆಡಿಸಿದರು. ಒಂದು ಕಡೆ ಕಾಯಿ ಎದ್ದು ನಿಂತಿತಂತೆ. ಹತ್ತಿರದ ಸ್ಟಿಕ್ಕರ್ ಕಿತ್ತು ಅಲ್ಲಿಗೇ ಅಂಟಿಸಲಾಯಿತು.

ಮರುದಿನ ಒಳಗೆ ಹೋದ ಸ್ಟ್ರೆಚರ್ ಹಾಗೇ ವಾಪಸ್ ಬಂತು. ಅರಿವಳಿಕೆ ಕೊಡುವ ಮುಂಚೆ ಡಾಕ್ಟರು ಕನ್ನಡಕ ಹಾಕಿ ತಾಳೆ ನೋಡಿದ್ದರು. ಒಂದು ಗುರುತು ಎರಡು ಬೆರಳು ಆಚೆಗಿತ್ತು.

"ಯಾರ್ರೀ ಇದನ್ನ ಸರಿಸಿದ್ದು?"

ಅತ್ತೆ ಮಾವನ ಕಡೆ ನೋಡಿದರು. ಮಾವ ಜೀವನದಲ್ಲೇ ಮೊದಲ ಸಲ "ನಾನೇ ರೀ" ಎಂದರು. ಆಮೇಲೆ ಮೆಲ್ಲಗೆ ಕೇಳಿದರು: "ಅಲ್ರೀ, ತೂತು ಹೊಡಿಯೋಕಿಂತ ಮೊದ್ಲೇ ತಪ್ಪು ನೋಡ್ಕೊಂತೀರಾ?"

"ನೋಡ್ಕೊಳ್ಳಲೇಬೇಕಲ್ರೀ. ನಂದೂ ತಪ್ಪಬಹುದು."

ಆ ದಿನ ಪೂರ್ತಿ ಮಾವ ಮಾತಾಡಲಿಲ್ಲ. ನಮಗೆ ಗಡ್ಡೆಗಿಂತ ಅದೇ ಗಾಬರಿ!

ಮತ್ತೆ ಸ್ಕ್ಯಾನ್ ಆಯಿತು, ಆಪರೇಷನ್ ಆಯಿತು. ಮೂರನೇ ದಿನ ಬಲಗಾಲಿನ ಹೆಬ್ಬೆರಳು ಅಲುಗಿತು. ಅಮ್ಮ ಗಂಜಿ ತಂದಿದ್ದಳು. ಮಾವ ಚಮಚ ಪಕ್ಕಕ್ಕೆ ತಳ್ಳಿದರು.

"ಅಕ್ಕಾ, ಭಾವ ಕಲ್ಲು ಸರಿಸಿರ್ಲಿಲ್ಲ. ನನ್ನ ಪಾಯಿಂಟೇ ತಪ್ಪಿತ್ತು."

"ಗೊತ್ತೋ," ಎಂದಳು ಅಮ್ಮ. "ಅವರಿಗೂ ಗೊತ್ತಿತ್ತು."

"ಮತ್ತ ಯಾಕ ಬಾಯಿ ಬಿಡ್ಲಿಲ್ಲ?"

"'ಪಾಯಿಂಟ್ ತಪ್ತು ಅಂದ್ರೆ ನಾಳೆ ಅವನನ್ನ ಯಾರು ಕರೀತಾರೆ? ಕಲ್ಲು ನಾನೇ ಸರಿಸಿದ್ದು ಅಂತ ಇರ್ಲಿ ಬಿಡು' ಅಂದಿದ್ರು."

ಮಾವ ಗೋಡೆ ಕಡೆ ಮುಖ ತಿರುಗಿಸಿದರು. ನನಗೆ ಅಪ್ಪ ತುಂಬಾ ನೆನಪಾದರು. ಬೆನ್ನು ಅಲುಗಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಮಾವನಿಗೆ ಬಂದ ಅಳು ಅದನ್ನೆಲ್ಲಿ ಕೇಳುತ್ತದೆ? ಅಮ್ಮ ತಮ್ಮನ ಭುಜ ಒತ್ತಿ ಹಿಡಿದು, ಗಂಜಿ ಆರುವ ತನಕ ಹಾಗೇ ಕೂತಿದ್ದಳು.