ಚಾವಣಿ ಸೋರಿದ್ದು ನನ್ನಿಂದಲೇ ಎಂದು ತೀರ್ಮಾನಿಸಲು ಕೋರಿಕೆ

ದಿನಾಂಕ: 11 ಜುಲೈ 2023

ಇಂದ,
ಹುಲಗೇಶ,
ನಿರೂಪಕ, ‘ಕುಣಿತದ ಗಂಟೆ’ (ಪ್ರತಿ ಶನಿವಾರ ಬೆಳಿಗ್ಗೆ 11ರಿಂದ 12),
(ಡಿ.ಜೆ. ಎಂಬ ಹುದ್ದೆ ಮಂಜೂರಾಗಿಲ್ಲದ ಕಾರಣ ಕಡತದಲ್ಲಿ: ತಂತಿ ಮತ್ತು ತಟ್ಟೆ ಸಹಾಯಕ, ತಾತ್ಕಾಲಿಕ)
ನಾರಾಯಣಗೂಡ, ಹೈದರಾಬಾದ್.

ಗೆ,
ಶ್ರೀ ಕಲ್ಯಾಣಪ್ಪನವರು,
ಅಧ್ಯಕ್ಷರು, ಕನ್ನಡ ಕಾರ್ಯಕ್ರಮ ಸಮಿತಿ,
ನಾಲ್ದನಿ ಸಮುದಾಯ ಬಾನುಲಿ, ತಾರ್ನಾಕ.

ವಿಷಯ: ಮೇ 13ರಂದು ಹಾಕಿದ ಸ್ಲ್ಯಾಬ್ ಸೋರಿದ ಪ್ರಕರಣದಲ್ಲಿ ನನ್ನನ್ನು ನಿರ್ದೋಷಿ ಎಂದಿರುವ ಆದೇಶವನ್ನು ಹಿಂಪಡೆದು, ತಪ್ಪಿತಸ್ಥನೆಂದು ಘೋಷಿಸುವ ಬಗ್ಗೆ.

ಉಲ್ಲೇಖ:
1. ಗುತ್ತಿಗೆದಾರ ಹೇಮಂತ ಅವರ ದೂರು, ಜೂನ್ 26.
2. ತಮ್ಮ ಸಮಿತಿಯ ಆದೇಶ, ಜುಲೈ 7.
3. ಜುಲೈ 8ರಂದು ಶಂಕ್ರಮ್ಮ ಎಂಬುವರು ಬಾನುಲಿಯ ಗೇಟಿನಲ್ಲಿ ನಿಂತು ನನ್ನನ್ನು ಬೈದದ್ದು (ಮೌಖಿಕ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ನಿವೇದಿಸಿಕೊಳ್ಳುವುದೇನೆಂದರೆ, ತಾವು ನನ್ನನ್ನು ಬಿಟ್ಟಿದ್ದೀರಿ. ಧನ್ಯವಾದ. ದಯವಿಟ್ಟು ಮತ್ತೆ ಹಿಡಿಯಿರಿ. ಕಾರಣಗಳು ಕೆಳಗಿನಂತಿವೆ.

1. ನನ್ನ ಕಾರ್ಯಕ್ರಮದಲ್ಲಿ ಕುಣಿತದ ಸಂಗೀತ ಮಾತ್ರ ಹಾಕುತ್ತೇನೆ, ಆದರೆ ಯಾರ ಕುಣಿತ ಎಂದು ಕೇಳುವುದಿಲ್ಲ. ಕಾಂಗೋದ ಗಿಟಾರಿನ ಹಿಂದೆ ಇಲ್ಲಿನ ಬಾರ್ಕಸ್ ಬಡಾವಣೆಯ ಮರ್ಫಾ ಡೋಲು, ಅದರ ಹಿಂದೆ ಜರ್ಮನಿಯ ಯಂತ್ರಸಂಗೀತ, ನಡುವೆ ನಮ್ಮ ಹಲಗೆ, ಕೊನೆಗೆ ಕೊಲಂಬಿಯಾದ ಯಾರೋ ಅಜ್ಜನ ಅಕಾರ್ಡಿಯನ್. ಈ ಆಯ್ಕೆಗೆ ಆಧಾರವೇನು ಎಂದು ಸಮಿತಿ ಮೂರು ಸಲ ಲಿಖಿತ ವಿವರಣೆ ಕೇಳಿತು. ಮೂರು ಸಲವೂ ‘ಸೊಂಟ’ ಎಂದು ಬರೆದುಕೊಟ್ಟೆ. ಅದು ಕಡತದಲ್ಲಿದೆ.

2. ಕಾರ್ಯಕ್ರಮಕ್ಕೆ ಕೇಳುಗರಿಲ್ಲ ಎಂಬುದು ಸಮಿತಿಯ ಹಳೆಯ ಅಭಿಪ್ರಾಯ. ಜನವರಿ ಸಭೆಯಲ್ಲಿ ತಾವೇ, “ಹುಲಗೇಶ, ನಿನ್ ಪ್ರೋಗ್ರಾಂ ಯಾರು ಕೇಳ್ತಾರೋ? ನಮ್ ಮನ್ಯಾಗ ಹಚ್ಚಿದ್ರ ಬೆಕ್ ಸೈತ ಎದ್ದು ಹೋಗ್ತೈತಿ” ಎಂದಿರಿ. ಬೆಕ್ಕಿನ ವಿಷಯವನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಕೇಳುಗರನ್ನು ಎಣಿಸುವುದು ಶನಿವಾರ 11ರಿಂದ 12ರವರೆಗೆ ಕಚೇರಿಗೆ ಬಂದ ಫೋನ್ ಕರೆಗಳಿಂದ. ಹದಿನಾಲ್ಕು ತಿಂಗಳಲ್ಲಿ ಒಂದು ಕರೆ ಬಂದಿತ್ತು. ಅದು ಗ್ಯಾಸ್ ಸಿಲಿಂಡರಿಗಾಗಿ.

3. ತಾರ್ನಾಕದ ಹಿಂದಿನ ಗಲ್ಲಿಗಳಿಗೆ ಕಾಂಕ್ರೀಟ್ ಲಾರಿ ಹೋಗುವುದಿಲ್ಲ. ಆ ಕಾರಣ ಅಲ್ಲಿ ಇಂದಿಗೂ ಸ್ಲ್ಯಾಬ್ ಹಾಕುವುದು ಕೈಯಿಂದ. ಕೆಳಗಿನ ಕಲಸುವ ಯಂತ್ರದಿಂದ ಮೇಲಿನ ಚಾವಣಿಯವರೆಗೆ ಯಾದಗಿರಿ, ರಾಯಚೂರಿನ ಇಪ್ಪತ್ತೆರಡು ಜನ ಏಣಿಯ ಮೇಲೆ ಸಾಲಾಗಿ ನಿಂತು ಕಾಂಕ್ರೀಟು ತುಂಬಿದ ಕಬ್ಬಿಣದ ಬಾಂಡ್ಲಿಗಳನ್ನು ಕೈಯಿಂದ ಕೈಗೆ ಎಸೆಯುತ್ತಾರೆ. ಎಲ್ಲರೂ ಒಂದೇ ಲಯದಲ್ಲಿರಬೇಕು, ಇಲ್ಲವಾದರೆ ಬಾಂಡ್ಲಿ ಕೆಳಗಿನವನ ತಲೆಗೆ ಬೀಳುತ್ತದೆ. ಲಯ ಹಿಡಿಯುವುದು ಸಾಲಿನ ಮೊದಲ ಜಾಗದಲ್ಲಿ, ಯಂತ್ರದ ಬಾಯಿಯ ಹತ್ತಿರ ನಿಲ್ಲುವವರು. ಹೇಮಂತ ಅವರ ಸಾಲಿನಲ್ಲಿ ಆ ಜಾಗ ಹನ್ನೊಂದು ವರ್ಷಗಳಿಂದ ಶಂಕ್ರಮ್ಮನವರದು. ಶನಿವಾರಗಳಂದು ಅವರು ಲಯ ಹಿಡಿಯುತ್ತಿದ್ದದ್ದು ಏಣಿಗೆ ಕಟ್ಟಿದ ರೇಡಿಯೋದಲ್ಲಿ ಬರುವ ನನ್ನ ಕಾರ್ಯಕ್ರಮದಿಂದ. ನಾಲ್ಕು ಬಡಿತಕ್ಕೆ ಒಂದು ಬಾಂಡ್ಲಿ. ಇದರ ವಿವರ ನನಗೆ ತಿಳಿದದ್ದು ಈ ವಾರ.

4. ಮೇ 13ರಂದು ನಾನು ಮಾಡಿದ ಅಪರಾಧ ಹೀಗಿದೆ.

ಅ) 11:20ಕ್ಕೆ ಬರ್ಲಿನ್‌ನ ಹದಿಮೂರು ನಿಮಿಷದ ಒಂದು ಕೃತಿ ಹಾಕಿದೆ. ಅದರ ನಡುವೆ ಡ್ರಮ್ಮು ಪೂರ್ತಿ ನಿಂತು ನಾಲ್ಕು ನಿಮಿಷ ಬರೀ ಗಾಳಿಯಂಥ ಸದ್ದು ಇರುತ್ತದೆ. ಆ ನಾಲ್ಕು ನಿಮಿಷ ನಾನು ಸ್ಟುಡಿಯೋದಲ್ಲಿ ಕಣ್ಣು ಮುಚ್ಚಿ ಕುಳಿತು, ಹೈದರಾಬಾದಿಗೆ ನಿರೀಕ್ಷೆ ಎಂದರೇನೆಂದು ಕಲಿಸುತ್ತಿದ್ದೇನೆ ಎಂದು ಭಾವಿಸಿದ್ದೆ. ಅದೇ ನಾಲ್ಕು ನಿಮಿಷ ಇಪ್ಪತ್ತೆರಡು ಜನ ಹಸಿ ಕಾಂಕ್ರೀಟು ತುಂಬಿದ ಬಾಂಡ್ಲಿ ಹಿಡಿದು ಬಿಸಿಲಿನಲ್ಲಿ ನಿಂತಿದ್ದರು. ಮೇಸ್ತ್ರಿ ಬೂದೆಪ್ಪನವರು “ಎಸೀರಲೇ!” ಎಂದು ಕೂಗಿದರಂತೆ. ಶಂಕ್ರಮ್ಮನವರು, “ತಡೀರಿ ಯಣ್ಣಾ, ಬಂತು, ಬರಾಕತ್ತೈತಿ” ಎಂದರಂತೆ.

ಆ) ಬಡಿತ ಬಂತು. ಆದರೆ ಅದರ ಬೆನ್ನಿಗೇ ನಾನು ಬಲ್ಗೇರಿಯಾದ ಮದುವೆ ಕುಣಿತ ಹಾಕಿದೆ. ಅದರ ಒಂದು ಸುತ್ತಿಗೆ ಏಳು ಬಡಿತ. ನಾಲ್ಕಕ್ಕೆ ಒಗ್ಗಿದ ಸಾಲಿನಲ್ಲಿ ಬಾಂಡ್ಲಿ ಬಂದಾಗ ಕೈ ಇರಲಿಲ್ಲ, ಕೈ ಬಂದಾಗ ಬಾಂಡ್ಲಿ ಇರಲಿಲ್ಲ. ಒಂದು ಬೂದೆಪ್ಪನವರ ಪೇಟದ ಮೇಲೆ ಕವುಚಿತು. ಅವರ ಕಣ್ಣು ತೊಳೆಯಲು, ಉಳಿದವರು ನಕ್ಕು ಮುಗಿಸಲು, ನಕ್ಕವರನ್ನು ಬೂದೆಪ್ಪನವರು ಬೈದು ಮುಗಿಸಲು, ಸಿಟ್ಟಿಳಿಯಲು ಚಹಾ ತರಿಸಲು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಹಾಕಿದ ಅರ್ಧ ಸ್ಲ್ಯಾಬ್ ಬಿಸಿಲಿಗೆ ಬಿಗಿದಿತ್ತು. ಹಳೆಯದೂ ಹೊಸದೂ ಕೂಡಿಕೊಳ್ಳಲಿಲ್ಲ.

5. ಜೂನ್ ಮಳೆಗೆ ಆ ಕೂಡದ ಗೆರೆಯ ಉದ್ದಕ್ಕೂ ನೀರು ಇಳಿಯಿತು. ಆ ಕಾರಣ, ರೇಡಿಯೋದ ಬಡಿತ ತಪ್ಪಿದ್ದರಿಂದಲೇ ಹೀಗಾಯಿತೆಂದು ಹೇಮಂತ ಅವರು ದೂರು ಕೊಟ್ಟರು. ಆ ಕಾರಣ ಸಮಿತಿ ಸೇರಿತು. ಸಮಿತಿಯ ಆದೇಶ: “ಸದರಿ ಕಾರ್ಯಕ್ರಮಕ್ಕೆ ಕೇಳುಗರೇ ಇಲ್ಲವಾದ್ದರಿಂದ ಅದು ಯಾವುದೇ ಘಟನೆಗೆ ಕಾರಣವಾಗಲಾರದು. ನಿರೂಪಕರು ನಿರ್ದೋಷಿ.” ನಾನು ಹಿಮಾಯತ್‌ನಗರಕ್ಕೆ ಹೋಗಿ ಒಬ್ಬನೇ ಐಸ್‌ಕ್ರೀಂ ತಿಂದೆ. ಅವಮಾನಕ್ಕೂ ಬಿಡುಗಡೆಗೂ ಸೇರಿಸಿ ಒಂದೇ ಕಪ್.

6. ಮರುದಿನ ಮಧ್ಯಾಹ್ನ ಕಾರ್ಯಕ್ರಮ ಮುಗಿಸಿ ಹೊರಬಂದಾಗ ಗೇಟಿನಲ್ಲಿ ಶಂಕ್ರಮ್ಮನವರು ನಿಂತಿದ್ದರು. ನಮ್ಮ ಮೊದಲ ಭೇಟಿ. ಸಂಭಾಷಣೆಯನ್ನು ಯಥಾವತ್ತಾಗಿ ದಾಖಲಿಸುತ್ತೇನೆ.

“ನೀನೇನಪ್ಪಾ ಕುಣಿತದಾಂವ? ದನಿ ಕೇಳಿ ದೊಡ್ಡ ಮನಷ್ಯಾ ಅನ್ಕೊಂಡಿದ್ದೆ. ಹಪ್ಪಳ ಆಗಿದ್ದೀಯಲ್ಲೋ.”

“ಏನ್ ಬೇಕಿತ್ರೀ?”

“ನಿನ್ ರೇಡಿಯೋ ಯಾರೂ ಕೇಳಂಗಿಲ್ಲಂತ ನಿಮ್ ಆಫೀಸ್‌ನಾಗ ಬರ್ದಾರಂತ. ಹಂಗಾರ ನಾ ವರ್ಸದ ಮ್ಯಾಲಿಂದ ಬಾಂಡ್ಲಿ ಎತ್ತಿದ್ದು ಯಾರ ಬಡಿತಕ್ಕ, ನಿಮ್ಮಪ್ಪನ ಬಡಿತಕ್ಕ? ರೇಡಿಯೋದ್ ತಪ್ಪಲ್ಲಂದ್ರ ನಂದಾತು. ಹೇಮಂತ ನನ್ನ ಸಾಲಿಂದ ತಗದಾನ. ‘ಮುದುಕಿ, ಕೈ ನಿಂತಾವ ನಿನ್ವು’ ಅಂದ. ನನ್ ಕೈ ನಿಂತಿಲ್ಲೋ, ನೀ ನಿಂತಿದ್ದಿ!”

ನಾನು, ಹಾಗಾದರೆ ಒಂದು ಫೋನ್ ಮಾಡಬಹುದಿತ್ತಲ್ಲ, ನಾವು ಕರೆಗಳನ್ನು ಎಣಿಸುತ್ತೇವೆ ಎಂದೆ. ಈ ಮಾತಿಗೆ ನಾಚಿಕೆಯಿದೆ.

“ಯಾವ ಕೈಲೆ ಮಾಡ್ಲಿ?” ಎಂದರು. “ಹಲ್ಲಿಲೇ?”

ಆಮೇಲೆ ಸ್ವಲ್ಪ ತಣ್ಣಗಾಗಿ, ಕಾಂಗೋದ ಗಿಟಾರು “ಗಿಣಿಗಿಣಿ ಅಂತೈತಿ, ಭಾಳ ಚಲೋ, ತೋಳು ತಾನೇ ಏಳ್ತಾವ” ಎಂದರು. ಜರ್ಮನಿಯದನ್ನು “ಮೋಟರ್ ಸುಟ್ಟಂಗ ಒದರ್ತೈತಿ, ಆದ್ರ ಕೆಲಸಕ್ಕ ಬರ್ತೈತಿ” ಎಂದರು. ಹದಿನಾಲ್ಕು ತಿಂಗಳಲ್ಲಿ ನನಗೆ ಬಂದ ಮೊದಲ ವಿಮರ್ಶೆ ಇದು. ನಾನು ನಕ್ಕೆ. “ನಗಬ್ಯಾಡ,” ಎಂದರು. “ನಾ ಮನ್ಯಾಗ ಕುಂತೀನಿ.”

7. ಆದ್ದರಿಂದ ನಾನು ಹೇಮಂತ ಅವರ ಬಳಿ ಹೋದೆ. ಬಿಸಿಲು ಕಾರಣವಿರಬಹುದಲ್ಲ, ಯಾರ ತಪ್ಪೂ ಅಲ್ಲದೆ ಇರಬಹುದಲ್ಲ ಎಂದೆ.

“ಚೂಡು ತಮ್ಮಾ, ಇಲ್ಲಿ ನೋಡು,” ಎಂದರು. “ಮನಿ ಓನರ್‌ಗೆ ನಾ ಒಬ್ರ ಹೆಸರು ಹೇಳ್ಬೇಕು. ಬಿಸಿಲು ಬಂದು ಸಹಿ ಮಾಡ್ತೈತೇನು? ನಿಮ್ ಆಫೀಸ್‌ನೋರು ತಪ್ಪು ನಮ್ದ ಅಂತ ಒಂದ್ ಮಾತು ಹೇಳ್ಲಿ, ಈ ಶನಿವಾರ ಸ್ಲ್ಯಾಬಿಗೆ ಶಂಕ್ರಮ್ಮನೇ ಮೊದಲ ನಿಂದರ್ತಾಳ. ಹೊಸ ಹುಡುಗಿ ಹಾಕೀನಿ, ನಾಕ್ ಬಾಂಡ್ಲಿಗೊಮ್ಮೆ ಮೊಬೈಲ್ ನೋಡ್ತದ. ನಂಗೇನು ಸಂತೋಷ ಐತೇನು?”

“ನಾನೇ ಬರೆದುಕೊಟ್ಟರೆ?”

“ನೀನ್ ಯಾರು? ತಂತಿ ಸಹಾಯಕ.”

ಹೇಮಂತ ಅವರು ಸಮಿತಿಯ ಕಡತವನ್ನು ಯಾವಾಗ ಓದಿದರೋ ಗೊತ್ತಿಲ್ಲ.

8. ಬಾನುಲಿಯ ನಿಯಮ 9ರ ಪ್ರಕಾರ ಹಾನಿಗೆ ಕಾರಣವಾದ ಕಾರ್ಯಕ್ರಮ ರದ್ದಾಗುತ್ತದೆ ಎಂಬುದು ನನಗೆ ಗೊತ್ತಿದೆ. ಗೊತ್ತಿದ್ದುದರಿಂದಲೇ ಶನಿವಾರ ಮಧ್ಯಾಹ್ನದಿಂದ ಇಂದು ಮಂಗಳವಾರದವರೆಗೆ ಈ ಅರ್ಜಿಯನ್ನು ಬರೆಯದೆ ಕುಳಿತಿದ್ದೆ. ನಿರ್ದೋಷಿಯಾಗಿರುವುದು ಹಿತವಾಗಿತ್ತು. ವಾರಕ್ಕೊಂದು ಗಂಟೆ ನನಗೆ ಬೇಕಾದ್ದನ್ನು ಹಾಕಬಹುದು, ಯಾರೂ ಕೇಳುವುದಿಲ್ಲ ಎಂದು ಸಮಿತಿಯೇ ಮುದ್ರೆ ಒತ್ತಿದೆ, ಇನ್ನೇನು ಬೇಕು? ಆದರೆ ಕೇಳಿದವರೊಬ್ಬರು ಕೇಳಿದ್ದಕ್ಕಾಗಿಯೇ ಮನೆಯಲ್ಲಿ ಕುಳಿತಿದ್ದಾರೆ. ಅವರು ಇಲ್ಲವೆಂದು ಒಪ್ಪಿಕೊಂಡು ಮುಂದಿನ ಹಾಡು ಹಾಕಲು ನನ್ನ ಕೈ ಏಳುತ್ತಿಲ್ಲ.

ಆದ್ದರಿಂದ, ಮತ್ತು ಮೇಲ್ಕಂಡ ಎಲ್ಲ ಕಾರಣಗಳಿಂದ, ಹಾಗೂ ತಮ್ಮ ಬೆಕ್ಕಿಗೆ ಸಂಬಂಧವಿಲ್ಲದ ಇತರ ಕಾರಣಗಳಿಂದಲೂ, ಪ್ರಾರ್ಥಿಸುವುದೇನೆಂದರೆ:

ಸಮಿತಿಯು ಜುಲೈ 7ರ ಆದೇಶವನ್ನು ಹಿಂಪಡೆದು, ಸ್ಲ್ಯಾಬ್ ಸೋರಿದ್ದು ಹುಲಗೇಶನ ಆಯ್ಕೆಯಿಂದ, ಶಂಕ್ರಮ್ಮನವರ ಕೈಯಿಂದಲ್ಲ ಎಂದು ದಾಖಲಿಸಬೇಕು. ಕಾರ್ಯಕ್ರಮ ರದ್ದಾಗುವುದಾದರೆ ಆಗಲಿ. ಬಲ್ಗೇರಿಯಾದ ಮದುವೆ ಕುಣಿತದ ಬಗ್ಗೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ. ಅದು ಚೆನ್ನಾಗಿದೆ.

ತಪ್ಪಿತಸ್ಥನೆಂದು ಸಾಬೀತಾದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿಯುವ,
ಹುಲಗೇಶ

ಲಗತ್ತುಗಳು:
1. ಮೇ 13ರ ಹಾಡುಗಳ ಪಟ್ಟಿ, ಬಡಿತದ ಲೆಕ್ಕ ಸಹಿತ.
2. ಸೋರಿದ ಗೆರೆಯ ಫೋಟೋ. (ಕೆಳಗೆ ಬಕೆಟ್ ಹಿಡಿದು ನಿಂತವರು ಮನೆಯ ಮಾಲೀಕರು.)
3. ಬೂದೆಪ್ಪನವರ ಪೇಟ, ಕಾಂಕ್ರೀಟು ಸಹಿತ. ಮಡಚಲು ಪ್ರಯತ್ನಿಸಬಾರದು.
4. ಸಾಲಿನ ಉಳಿದ ಇಪ್ಪತ್ತೊಂದು ಜನರ ಹೇಳಿಕೆ, ‘ನಾವು ಕೇಳೀವಿ’ ಎಂದು. ಹದಿನೇಳು ಸಹಿ, ನಾಲ್ಕು ಹೆಬ್ಬೆಟ್ಟು.

ವಿಶೇಷ ಕೋರಿಕೆ: ಹೊಸ ಆದೇಶವನ್ನು ಅಂಚೆಯಲ್ಲಿ ಕಳುಹಿಸುವ ಬದಲು, ಬರುವ ಶನಿವಾರ (ಹೇಮಂತ ಅವರ ಹೊಸ ಸ್ಲ್ಯಾಬಿನ ದಿನ) ಸರಿಯಾಗಿ ಹನ್ನೊಂದು ಗಂಟೆಗೆ, ನನ್ನ ಕಾರ್ಯಕ್ರಮದ ಆರಂಭದಲ್ಲಿ, ತಾವೇ ಸ್ವತಃ ಮೈಕಿನ ಮುಂದೆ ಓದಬೇಕಾಗಿ ವಿನಂತಿ. ಕೇಳುಗರಿಲ್ಲವೆಂಬ ಸಮಿತಿಯ ಅಭಿಪ್ರಾಯ ನಿಜವೇ ಆಗಿದ್ದಲ್ಲಿ, ಇದರಿಂದ ಯಾರಿಗೂ ಯಾವ ತೊಂದರೆಯೂ ಆಗಲಾರದು.