ಅರ್ಜಿದಾರರ ಡಬ್ಬಿಯಲ್ಲಿ ಮಾದಲಿ ತುಂಬಿ ಕಳುಹಿಸಿದ ಬಗ್ಗೆ

ತಿನಿಸು ವರ್ಗೀಕರಣ ಶಾಖೆ
(ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳಿಗೆ ಮಾತ್ರ)

ಸಂಖ್ಯೆ: ತಿವಶಾ/ಜೋಡಿಬಿಲ್ಲೆ/ಡಬ್ಬಿ/16/2024-25

ಸುತ್ತೋಲೆ

ವಿಷಯ: ಮಾದರಿ ತಿನಿಸು ತಂದ ಡಬ್ಬಿಯನ್ನು ಅರ್ಜಿದಾರರಿಗೆ ಹಿಂದಿರುಗಿಸುವಾಗ ಸಿಬ್ಬಂದಿಯು ಪಾಲಿಸಬೇಕಾದ ಕ್ರಮಗಳು.

ಉಲ್ಲೇಖ:
1. ಶ್ರೀಮತಿ ಶಂಕ್ರೆವ್ವ, ಬನಹಟ್ಟಿ, ಇವರ ಅರ್ಜಿ.
2. ಪ್ರಯೋಗಾಲಯದ ವರದಿ.
3. ಸದರಿಯವರು ಖುದ್ದು ಹಾಜರಾಗಿ ನೀಡಿದ ಹೇಳಿಕೆ.
4. ಡಬ್ಬಿ (ಸ್ಟೀಲ್, ಮುಚ್ಚಳ ಸಹಿತ).

ಪ್ರಸ್ತಾವನೆ:

ಉಲ್ಲೇಖ (1)ರಲ್ಲಿ ಅರ್ಜಿದಾರರು ದಕ್ಷಿಣ ಅಮೆರಿಕದ "ಅಲ್ಫಹೋರ್" ಎಂಬ ಜೋಡಿ ಬಿಸ್ಕಿಟನ್ನು ಗೋಧಿ, ಮೈದಾ, ಹಾಲು, ತುಪ್ಪ, ತತ್ತಿ ಇವು ಯಾವುವೂ ಇಲ್ಲದೆ ತಯಾರಿಸಿ, ಮಹಾಲಿಂಗಪುರ ಬಸ್ ನಿಲ್ದಾಣದ ಎದುರು ಮಾರಲು ಪರವಾನಗಿ ಕೋರಿರುತ್ತಾರೆ. ಸೀರೆ ಮಗ್ಗ ನೋಡಲು ಅರ್ಜೆಂಟೀನಾದಿಂದ ಬಂದಿದ್ದ ಹೆಣ್ಣುಮಗಳೊಬ್ಬರು ಅರ್ಜಿದಾರರ ಮನೆಯಲ್ಲಿ ಎಂಟು ದಿನ ಉಳಿದಿದ್ದು, ಹೋಗುವಾಗ ಈ ತಿನಿಸನ್ನು ಕಲಿಸಿ ಹೋಗಿರುತ್ತಾರೆ. ಅವರ ಊರಿನ ಪದ್ಧತಿಯಂತೆ ಎರಡು ಬಿಲ್ಲೆಗಳ ನಡುವೆ ಹಾಲು-ಸಕ್ಕರೆ ಕಾಯಿಸಿದ ಗಟ್ಟಿ ಪಾಕವಿರುತ್ತದೆ. ಅರ್ಜಿದಾರರು ಅದರ ಬದಲು ಶೇಂಗಾ ಅರೆದು ಹಿಂಡಿದ ಹಾಲಿಗೆ ಬೆಲ್ಲ ಹಾಕಿ ಕಾಯಿಸುತ್ತಾರೆ. ಬಿಲ್ಲೆಗೆ ಬಿಳಿಜೋಳದ ಹಿಟ್ಟು, ಬಿಗಿ ಬರಲು ನೆನೆಸಿದ ಅಗಸಿ ಬೀಜದ ಪುಡಿ, ಅಂಚಿಗೆ ಒಣಕೊಬ್ಬರಿ ತುರಿ. ತಿಂದು ನೋಡಲಾಗಿ ತಿನಿಸು ಛಲೋ ಇರುವುದು ದೃಢಪಟ್ಟಿರುತ್ತದೆ.

ಮೊದಲ ಮಾದರಿ ಹನ್ನೆರಡು ಜೋಡಿ ಬಂದಿದ್ದು, ಪರಿಶೀಲನೆಯ ಕಾಲಕ್ಕೆ ಮುಗಿದಿರುತ್ತದೆ. ಪ್ರಯೋಗಾಲಯಕ್ಕೆ ಕಳುಹಿಸಲು ಏನೂ ಉಳಿಯದ ಕಾರಣ ಮತ್ತೊಂದು ಮಾದರಿಯನ್ನು ಕೇಳಲಾಯಿತು. ಡಬ್ಬಿಯನ್ನು ಖಾಲಿ ಕಳುಹಿಸುವುದು ಈ ಭಾಗದಲ್ಲಿ ರೂಢಿ ಇಲ್ಲವಾದ್ದರಿಂದ ಜವಾನ ಗುರಪ್ಪ ಅದರಲ್ಲಿ ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟು ಬಂದಿರುತ್ತಾರೆ. ಎರಡನೇ ಮಾದರಿಯೂ ಪರಿಶೀಲನೆಯಲ್ಲಿಯೇ ಮುಗಿಯಿತು. ಹೀಗೆ ಡಬ್ಬಿಯು ಹನ್ನೊಂದು ತಿಂಗಳಲ್ಲಿ ಹದಿನಾರು ಬಾರಿ ಬಂದಿದ್ದು, ಹಿಂದಿರುಗುವಾಗ ಸಕ್ಕರೆ, ಬಾಳೆಹಣ್ಣು, ಹಸಿ ಶೇಂಗಾ, ಒಮ್ಮೆ ಬೀಳಗಿ ಕಡೆಯ ಬದನೆಕಾಯಿ ಹೀಗೆ ಏನಾದರೂ ಒಂದನ್ನು ಹೊತ್ತು ಹೋಗಿರುತ್ತದೆ. ಹದಿನೈದನೇ ಬಾರಿ ಮಾತ್ರ ಡಬ್ಬಿಯ ತುಂಬ ಮಾದಲಿ ಹೋಗಿದೆ. ಮಾದಲಿ ಎಂದರೆ ಗೋಧಿಯದು, ಪುಡಿ ಪುಡಿಯಾದದ್ದು, ತುಪ್ಪ ಕೈ ಬಿಚ್ಚಿ ಹಾಕಿದ್ದು.

ಹದಿನಾರನೇ ಮಾದರಿಯು ಬಂದ ದಿನ ಸಿಬ್ಬಂದಿಯೆಲ್ಲ ಸಾವಳಗಿಯ ಒಂದು ಮದುವೆಗೆ ಹೋಗಿದ್ದರಿಂದ ಅದು ಅರ್ಜಿದಾರರ ಕೈಯಿಂದಲೇ ಸುರಕ್ಷಿತವಾಗಿ ಪ್ರಯೋಗಾಲಯ ತಲುಪಿತು. ಗೋಧಿ ಹಾಗೂ ಹಾಲಿನ ಅಂಶ ಇದೆ ಎಂದು ವರದಿ ಬಂದಿತು. ಅದರ ಆಧಾರದ ಮೇಲೆ ಅರ್ಜಿಯನ್ನು ಅದೇ ದಿನ ತಿರಸ್ಕರಿಸಲಾಯಿತು. ಈ ಶಾಖೆಯಲ್ಲಿ ವರದಿ ಬಂದ ದಿನವೇ ಒಂದು ಅರ್ಜಿ ವಿಲೇವಾರಿಯಾಗಿರುವುದು ಇದೇ ಮೊದಲು.

ತದನಂತರ ಅರ್ಜಿದಾರರು ಕಚೇರಿಗೆ ಬಂದು, ಡಬ್ಬಿಯನ್ನು ಮೇಜಿನ ಮೇಲೆ ಸಪ್ಪಳಾಗುವಂತೆ ಇಟ್ಟು ನೀಡಿದ ಹೇಳಿಕೆಯನ್ನು ದ್ವಿತೀಯ ದರ್ಜೆ ಸಹಾಯಕಿ ಶೀತಲ ಅವರು ಒಂದಕ್ಷರ ತಿದ್ದದೆ ಬರೆದುಕೊಂಡಿದ್ದು, ಅದು ಹೀಗಿದೆ:

"ನಮ್ಮ ಮನ್ಯಾಗ ಗೋಧಿ ಬಂದು ಆರು ವರ್ಷ ಆತ್ರಿ. ನನ್ನ ಮಗಳು ಅಕ್ಷತಾಗ ಗೋಧಿ ಆಗಿ ಬರಂಗಿಲ್ಲ, ಹಾಲೂ ಆಗಂಗಿಲ್ಲ. ಒಂದು ಚೂರು ಹೋದ್ರ ಸಾಕು, ಹೊಟ್ಟಿ ಹಿಡಕೊಂಡು ಮಲಗಿಬಿಡ್ತಾಳ. ಡಾಕ್ಟರ್ ಬರದ ಕೊಟ್ಟಾರ. ನೀವು ಕಳಸಿದ ಮಾದಲಿ ನಾ ಬಾಜೂ ಮನಿ ಲಕ್ಷ್ಮವ್ವಗ ಸುರುವಿ ಕೊಟ್ಟೆ. ಡಬ್ಬಿ ಮೂರು ಸಲ ತಿಕ್ಕಿದೆ. ಮುಚ್ಚಳದಾಗ ರಬ್ಬರ್ ಪಟ್ಟಿ ಐತಲ್ರಿ, ಅದರ ಸಂದ್ಯಾಗ ಪುಡಿ ಕುಂತಿತ್ತು, ನನ್ನ ಕಣ್ಣಿಗೆ ಬೀಳಲಿಲ್ಲ. ಡಬ್ಬಿ ತುಂಬಿ ಮುಚ್ಚಳ ಒತ್ತಿದ್ದಕ್ಕ ಮ್ಯಾಲಿನವು ಎರಡು ಮುರದುವು. ತಗದು ಮಗಳಿಗೆ ಕೊಟ್ಟೆ. ನನ್ನ ಕೈಯಾರೆ ಕೊಟ್ಟೇನ್ರಿ. ನಾಕು ದಿನ ಆಕಿ ಎದ್ದಿಲ್ಲ. ಸಾಲ್ಯಾಗ ಯಾರದರ ಹುಟ್ಟಿದ ಹಬ್ಬ ಇದ್ರ ಬಿಸ್ಕಿಟ್ ಹಂಚತಾರ. ಈಕಿ ಇಸ್ಕೊಂಡು ಬಾಜೂದಕಿಗೆ ಕೊಟ್ಟು ಸುಮ್ಮ ಕುಂದರತಾಳ. ಈಕಿ ಹಂಗನ ಮುಧೋಳದಾಗ ಇಬ್ಬರು ಹುಡುಗೂರು ಅದಾವ, ಜಮಖಂಡ್ಯಾಗ ಒಬ್ಬಾಕಿ. ಅವರ ಅವ್ವಂದಿರು ಕೇಳ್ಕೊಂಡು ನಮ್ಮ ಮನಿಗೆ ಬರತಾರ. ಅಂಥವರಿಗೆ ಅಂತ ನಾ ಇದನ್ನ ಮಾಡಾಕತ್ತೇನಿ. ನೀವು ಹದಿನೈದು ಡಬ್ಬಿ ತಿಂದ್ರಿ. ತಿನ್ರಿ, ನಾ ಬ್ಯಾಡನ್ನಂಗಿಲ್ಲ. ಪರವಾನಗಿ ಕೊಡ್ರಿ ಬಿಡ್ರಿ, ಆದ್ರ ಡಬ್ಬಿ ಮಾತ್ರ ಖಾಲಿ ಕಳಸ್ರಿ. ಕೈ ಮುಗಿತೇನಿ."

ಹೇಳಿಕೆ ಓದಿ ಕೇಳಿಸಲಾಯಿತು. ಆದುದರಿಂದ ಎಲ್ಲ ಸಿಬ್ಬಂದಿಯ ಗಮನಕ್ಕೆ ಈ ಕೆಳಕಂಡಂತೆ ತಂದು, ಚಾಚೂ ತಪ್ಪದೆ ಪಾಲಿಸಲು ಸೂಚಿಸಲಾಗಿದೆ:

1. ಮಾದರಿ ಡಬ್ಬಿಯಲ್ಲಿ ಮಾದಲಿ, ಗೋಧಿ ಹುಗ್ಗಿ, ಸಜ್ಜಕ, ಹೋಳಿಗೆ, ಕರಿಗಡಬು, ಪೇಢೆ ಇವುಗಳನ್ನು ಇಡತಕ್ಕದ್ದಲ್ಲ. ಇವನ್ನು ತಿಂದ ಕೈಯಿಂದ ಮುಚ್ಚಳ ತೆಗೆಯತಕ್ಕದ್ದಲ್ಲ. ನಿನ್ನೆ ತಿಂದಿದ್ದರೆ ಹಿಂದಿನ ದಿನದ ಊಟದ ವಿವರವನ್ನು ನಮೂನೆ-4ರಲ್ಲಿ ಸಲ್ಲಿಸಿ, ಕೈ ತೊಳೆದ ಬಗ್ಗೆ ಇಬ್ಬರು ಸಾಕ್ಷಿಗಳ ಸಹಿ ಪಡೆಯತಕ್ಕದ್ದು.

2. ಜೋಡಿಬಿಲ್ಲೆಯನ್ನು ಬಿಡಿಸಿ, ನಡುವಿನ ಪಾಕವನ್ನು ನೆಕ್ಕಿ, ಎರಡೂ ಬಿಲ್ಲೆಗಳನ್ನು ಮತ್ತೆ ಜೋಡಿಸಿ ಇಟ್ಟು "ಪರಿಶೀಲಿಸಲಾಗಿದೆ" ಎಂದು ಷರಾ ಬರೆಯುವ ಪದ್ಧತಿಯನ್ನು ಈ ಕೂಡಲೇ ನಿಲ್ಲಿಸಲಾಗಿದೆ. ಯಾರು ಎಂಬುದು ಶಾಖೆಗೆ ಗೊತ್ತಿದೆ.

3. ಪ್ರಾಣಿಯಿಂದ ಬಂದ ಯಾವುದೂ ಇಲ್ಲ ಎಂದು ಅರ್ಜಿದಾರರು ಘೋಷಿಸಿದ್ದರಿಂದ, ಜೋಳ ಬೆಳೆದ ಹೊಲವನ್ನು ಎತ್ತುಗಳಿಂದ ಹರಗಲಾಗಿದೆಯೇ ಎಂದು ಕೇಳಿ ಈ ಶಾಖೆಯು ಮೂರು ಪತ್ರ ಬರೆದಿತ್ತು. ಸಾವಳಗಿಯ ಟ್ರ್ಯಾಕ್ಟರ್ ಮಾಲೀಕ ಲಗಮಣ್ಣ ಅವರು "ಹರಗಿದ್ದು ನನ್ನ ಟ್ರ್ಯಾಕ್ಟರ್, ಬೇಕಂದ್ರ ಬಂದು ಟ್ರ್ಯಾಕ್ಟರ್‌ನ ಕೇಳ್ರಿ" ಎಂದು ಉತ್ತರಿಸಿರುತ್ತಾರೆ. ಟ್ರ್ಯಾಕ್ಟರ್‌ನ ಹೇಳಿಕೆ ಪಡೆಯುವ ಪ್ರಸ್ತಾವವನ್ನು ಕೈಬಿಡಲಾಗಿದೆ.

4. ಕಡತದಲ್ಲಿ ಕೊಬ್ಬರಿ ತುರಿ ಉದುರಿ ಇರುವೆ ಹತ್ತಿದ್ದು, ಇರುವೆಗಳು ಪುಟ 22ರಿಂದ 31ರವರೆಗೆ ಓಡಾಡಿಕೊಂಡಿವೆ. ಅಷ್ಟು ಪುಟಗಳನ್ನು ಸಿಬ್ಬಂದಿಯಲ್ಲಿ ಯಾರೂ ತೆರೆದು ನೋಡಿಲ್ಲವಾದ್ದರಿಂದ ಇರುವೆಗಳನ್ನು ಸದ್ಯಕ್ಕೆ ಎಬ್ಬಿಸತಕ್ಕದ್ದಲ್ಲ.

5. ಮಾದಲಿ ಯಾರ ಮನೆಯದು ಎಂಬ ಬಗ್ಗೆ ಇಲಾಖಾ ವಿಚಾರಣೆ ನಡೆಸಲಾಯಿತು. ಸದರಿ ಮಾದಲಿಯು ಈ ಸುತ್ತೋಲೆಗೆ ಸಹಿ ಮಾಡಿರುವ ಅಧಿಕಾರಿಯ ಮನೆಯದೆಂದು ತಿಳಿದುಬಂದಿರುತ್ತದೆ. ವಿಚಾರಣಾಧಿಕಾರಿಯೂ ಅವರೇ ಆಗಿದ್ದು, ತಮ್ಮನ್ನು ತಾವು ಎರಡು ಬಾರಿ ಕರೆದು ವಿಚಾರಿಸಿಕೊಂಡಿರುತ್ತಾರೆ. ಮೊದಲ ಬಾರಿ ನೆನಪಿಲ್ಲವೆಂದೂ, ಎರಡನೇ ಬಾರಿ "ನಮ್ಮ ಮನ್ಯಾಗ ಮಾದಲಿ ಛಲೋ ಆಗಿತ್ತು, ಪಾಪ ಆ ಹೆಣ್ಣುಮಗಳಿಗೂ ಇರಲಿ ಅಂತ ತುಂಬಿದೆ" ಎಂದೂ ಒಪ್ಪಿಕೊಂಡಿರುತ್ತಾರೆ. ಅರ್ಜಿಯ ಮೊದಲ ಪುಟದಲ್ಲಿಯೇ ಮಗುವಿನ ವಿಷಯ ಬರೆದಿದ್ದು, ಅದನ್ನು ಓದಿದ್ದೀರಾ ಎಂದು ತಮ್ಮನ್ನು ತಾವು ಕೇಳಿಕೊಂಡ ಮೇಲೆ ಆ ಪುಟವನ್ನು ಮೊದಲ ಬಾರಿಗೆ ಓದಿರುತ್ತಾರೆ.

6. ಡಬ್ಬಿಯನ್ನು ಖಾಲಿ ತಲುಪಿಸುವಂತೆ ಗುರಪ್ಪ ಅವರಿಗೆ ಆದೇಶಿಸಲಾಗಿ, ಅವರು "ಮೆಮೊ ಕೊಡ್ರಿ ಸಾಹೇಬ್ರ, ತಗೋತೇನಿ. ಖಾಲಿ ಡಬ್ಬಿ ಹಿಡಕೊಂಡು ಆ ಮನಿ ಬಾಗಲಾಗ ನಿಂದ್ರು ಅಂದ್ರ ನನ್ನಿಂದ ಆಗಂಗಿಲ್ಲ. ಇಷ್ಟು ಮಾಡಿದ ಮ್ಯಾಲೆ ಬರೀ ಡಬ್ಬಿ ಹ್ಯಾಂಗ ಕೊಡೂದ್ರಿ?" ಎಂದು ಲಿಖಿತ ವಿವರಣೆ ನೀಡಿರುತ್ತಾರೆ. ಉಳಿದ ಸಿಬ್ಬಂದಿಯೂ ಅದೇ ಕಾಗದಕ್ಕೆ ಸಹಿ ಹಾಕಿರುತ್ತಾರೆ. ಅಧಿಕಾರಿಯ ಸಹಿ ಐದನೆಯದು.

7. ಅರ್ಜಿದಾರರ ಕೋರಿಕೆ ಒಂದು ಕಡೆ, ರೂಢಿ ಮತ್ತೊಂದು ಕಡೆ ಇರುವುದರಿಂದ, ಗೋಧಿ ಮತ್ತು ಹಾಲು ಎರಡೂ ತಾಗದ ವಸ್ತು ಕಚೇರಿಯಲ್ಲಿ ಯಾವುದಿದೆ ಎಂದು ಶೋಧಿಸಲಾಯಿತು. ಚಹಾ ಹಾಲಿನದು. ಕಪಾಟಿನಲ್ಲಿದ್ದದ್ದು ಟೋಸ್ಟ್. ಲಕೋಟೆ ಅಂಟಿಸುವ ಗಂಜಿಯೂ ಮೈದಾದ್ದು. ಕಡೆಗೆ ಉಳಿದದ್ದು ಭರ್ತಿ ಮಾಡದ ಪರವಾನಗಿ ಪತ್ರದ ನಮೂನೆ ಒಂದೇ.

8. ಆದ್ದರಿಂದ ತಿರಸ್ಕಾರದ ಆದೇಶವನ್ನು ಹಿಂಪಡೆದು, ಶ್ರೀಮತಿ ಶಂಕ್ರೆವ್ವ ಅವರಿಗೆ ಪರವಾನಗಿ ಮಂಜೂರು ಮಾಡಲಾಗಿದೆ. ಪತ್ರದ ಮೇಲೆ ಭಾವಚಿತ್ರವನ್ನು ಗಂಜಿಯಿಂದ ಅಂಟಿಸದೆ ಪಿನ್ ಹೊಡೆಯತಕ್ಕದ್ದು. ಹೊಸ ಡಬ್ಬಿಯೊಂದನ್ನು ತಂದು, ಪತ್ರವನ್ನು ಅದರಲ್ಲಿಟ್ಟು, ಗುರಪ್ಪ ಅವರು ಇಂದೇ ಬನಹಟ್ಟಿಗೆ ತಲುಪಿಸತಕ್ಕದ್ದು. ಈ ಹಿಂದಿನ ಡಬ್ಬಿಯನ್ನು ಕಚೇರಿಯ ಕಪಾಟಿನಲ್ಲಿ, ಎಲ್ಲರಿಗೂ ಕಾಣುವಂತೆ, ಮುಚ್ಚಳ ತೆಗೆದು ಇಡತಕ್ಕದ್ದು.

9. ಹದಿನೇಳನೇ ಮಾದರಿಯನ್ನು ಯಾರೂ ಕೇಳತಕ್ಕದ್ದಲ್ಲ. ತಿನ್ನಬೇಕೆನಿಸಿದವರು ಮಹಾಲಿಂಗಪುರಕ್ಕೆ ಹೋಗಿ, ಮಕ್ಕಳು ಕೊಂಡ ಮೇಲೆ ಉಳಿದಿದ್ದರೆ, ಎಲ್ಲರಂತೆ ಕೊಂಡು ತಿನ್ನತಕ್ಕದ್ದು.

10. ವಿಷಾದ ವ್ಯಕ್ತಪಡಿಸುವ ಅಧಿಕಾರ ಈ ಶಾಖೆಗೆ ಇರುವುದಿಲ್ಲ. ಆದಕಾರಣ ಸಹಿ ಮಾಡಿದ ಅಧಿಕಾರಿಯು ಅರ್ಧ ದಿನದ ಸಾಂದರ್ಭಿಕ ರಜೆ ಹಾಕಿ, ಸ್ವಂತ ಹೊಣೆಯಲ್ಲಿ, ಬಹಳವಾಗಿ ವಿಷಾದಿಸಿರುತ್ತಾರೆ.

ಸಹಿ/-
(ಪರಮಾನಂದ)
ಶಾಖಾಧಿಕಾರಿ ಹಾಗೂ ವಿಚಾರಣಾಧಿಕಾರಿ ಹಾಗೂ ಆಪಾದಿತ ಅಧಿಕಾರಿ
ತಿನಿಸು ವರ್ಗೀಕರಣ ಶಾಖೆ

ಪ್ರತಿಗಳು:
1. ನಾಲ್ಕೂ ತಾಲ್ಲೂಕುಗಳ ಶಾಖಾ ಸಿಬ್ಬಂದಿಗೆ, ಕೈ ತೊಳೆದು ಓದಲು.
2. ಪ್ರಯೋಗಾಲಯಕ್ಕೆ. ತಮ್ಮ ವರದಿ ಸರಿಯಾಗಿಯೇ ಇತ್ತು ಎಂದು ತಿಳಿಸುತ್ತಾ.
3. ಶ್ರೀ ಲಗಮಣ್ಣ, ಸಾವಳಗಿ, ಇವರಿಗೆ. ಟ್ರ್ಯಾಕ್ಟರ್‌ಗೆ ಪ್ರತ್ಯೇಕ ಪ್ರತಿ ಇಲ್ಲ.
4. ಶ್ರೀಮತಿ ಲಕ್ಷ್ಮವ್ವ, ಬನಹಟ್ಟಿ, ಇವರಿಗೆ. ಮಾದಲಿ ಹೇಗಿತ್ತೆಂದು ತಿಳಿಸುವ ಅಗತ್ಯವಿಲ್ಲ.
5. ಶಾಖಾಧಿಕಾರಿಯ ಮನೆಯವರಿಗೆ, ತಮ್ಮ ತಪ್ಪೇನೂ ಇಲ್ಲವೆಂಬ ಮಾಹಿತಿಗಾಗಿ.
6. ಕುಮಾರಿ ಅಕ್ಷತಾ, ಐದನೇ ತರಗತಿ, ಇವರಿಗೆ. ನಾಲ್ಕು ದಿನ ಶಾಲೆ ತಪ್ಪಿದ್ದು ತಮ್ಮಿಂದಲ್ಲ, ತಮ್ಮ ತಾಯಿಯವರಿಂದಲೂ ಅಲ್ಲ, ಈ ಕಚೇರಿಯಿಂದ ಎಂದು ಗುರುಗಳಿಗೆ ತೋರಿಸಲು.