ಸಂಚಾಲಕರ ದ್ರಾಕ್ಷಿ ಚಪ್ಪರ

ಎಲೆಯ ಬೆನ್ನಿಗೆ ತುಕ್ಕು ಬಣ್ಣದ ನವಿರು ರೋಮ, ಹೂಗೊಂಚಲಿನ ತೊಟ್ಟಿನಿಂದಲೇ ಹೊರಟ ಕುಡಿಬಳ್ಳಿ. ನನ್ನ ಕೆಲಸ ಹೋಗಲು ಇಷ್ಟು ಸಾಕಾಯಿತು.

ಜಗತ್ತಿನಲ್ಲಿ ಕಲಿಯಲು ಎಷ್ಟೋ ವಿಷಯಗಳಿರುವಾಗ ನಾನು ವಿಶ್ವವಿದ್ಯಾಲಯದಲ್ಲಿ ಆರಿಸಿಕೊಂಡದ್ದು ದ್ರಾಕ್ಷಿಯ ತಳಿಗಳನ್ನು ಎಲೆ ನೋಡಿ ಗುರುತಿಸುವ ವಿದ್ಯೆ. ದ್ರಾಕ್ಷಿಯೇ ಬೆಳೆಯದ ಮೂಡಬಿದಿರೆಗೆ ಅದನ್ನು ಹೊತ್ತು ತಂದಾಗ ನೆರೆಮನೆಯಾಕೆ ಕೇಳಿದ್ದು ಒಂದೇ: "ತಿನ್ನಲಿಕ್ಕೆ ಕೊಡ್ತಿದ್ದರಾ?" ಇಲ್ಲ, ಬರೀ ಎಲೆ ಎಂದೆ. ಆಡಿಗೂ ಅದೇ ಸಿಗುವುದು ಎಂದು ಅವರು ಸಮಾಧಾನ ಹೇಳಿದರು. ಕೊನೆಗೆ ಬಂಟ್ವಾಳದ ಒಂದು ಶಾಲೆಯಲ್ಲಿ ತಾತ್ಕಾಲಿಕ ಅಧ್ಯಾಪಿಕೆಯಾದೆ. ಖಾಯಂ ಮಾಡುವುದು ಶಾಲೆಯ ಸಂಚಾಲಕರ ಕೈಯಲ್ಲಿತ್ತು. ಅವರ ಅಂಗಳದ ಚಪ್ಪರದಲ್ಲಿ, ಬೆಂಗಳೂರಿನಿಂದ ತುಂಡು ತಂದು ನೆಟ್ಟ ದ್ರಾಕ್ಷಿ. ಬಂದವರಿಗೆ ಬೆಲ್ಲ-ನೀರಿಗೂ ಮೊದಲು ಬಳ್ಳಿಯ ದರ್ಶನ. ಮಗಳನ್ನು ಬೆಳ್ತಂಗಡಿಗೆ ಕೊಟ್ಟಾಗ ಬೀಗರಿಗೂ ಒಂದು ತುಂಡು ಹೋಗಿತ್ತು. ಹಣ್ಣು ಮಾತ್ರ ಯಾರೂ ಕಂಡಿರಲಿಲ್ಲ.

ಒಂದು ಸಂಜೆ ಬಳ್ಳಿಯ ಜಾತಿ ಹೇಳಲು ಸಂಚಾಲಕರ ಮನೆಯಿಂದ ನನಗೆ ಕರೆ ಬಂತು. "ಏನಾದರೊಂದು ಒಳ್ಳೆ ಹೆಸರು ಹೇಳಿಬಿಡಿ ಮಾರಾಯ್ರೆ, ಖಾಯಂ ಆಗ್ತದೆ" ಎಂದು ಹೆಡ್ಮಾಸ್ಟರರು ದಾರಿಯುದ್ದಕ್ಕೂ ಹೇಳಿಕೊಟ್ಟರು.

"ಟೀಚರೇ, ಇದು ಯಾವ ಜಾತಿ? ನೋಡಿ ಹೇಳಿ" ಎಂದರು ಸಂಚಾಲಕರು.

ಎಲೆ ಮಗುಚಿ, ಹೂಗೊಂಚಲಿನ ತೊಟ್ಟನ್ನೂ ನೋಡಿದೆ. "ಇದು ದ್ರಾಕ್ಷಿಯಲ್ಲ, ಕಾಡುಬಳ್ಳಿ. ನೀವು ತಂದ ತುಂಡು ಸತ್ತಿರಬೇಕು. ಗುಂಡಿಗೆ ಹಾಕಿದ ಗುಡ್ಡೆಯ ಮಣ್ಣಿನಲ್ಲಿ ಇದರ ಗೆಡ್ಡೆ ಬಂದಿರಬೇಕು."

"ಹಾಗಾದರೆ ನಾನು ಇಷ್ಟು ವರ್ಷ ಮೀನುಗೊಬ್ಬರ ಹಾಕಿದ್ದು?"

"ಅದಕ್ಕೇ ಇಷ್ಟು ಚೆನ್ನಾಗಿ ಹಬ್ಬಿದೆ" ಎಂದೆ. ಸಮಾಧಾನಕ್ಕೆಂದೇ ಹೇಳಿದ್ದು. ಹೆಡ್ಮಾಸ್ಟರರು ಚಪ್ಪರದ ಕಂಬ ನೋಡತೊಡಗಿದರು.

ಸಂಚಾಲಕರು ಕೋಪಿಸಿಕೊಳ್ಳಲಿಲ್ಲ. ಕೋಪಿಷ್ಠರಾಗಿದ್ದರೆ ಕೂಗಾಡಿ ಮರೆಯುತ್ತಿದ್ದರೋ ಏನೋ. ಅವರದು ಮರ್ಯಾದೆಯ ಮನೆತನ. "ನೀವು ತುಂಬ ಕಲಿತವರು. ನಿಮಗೆ ನಮ್ಮ ಶಾಲೆ ಸಣ್ಣದಾಯಿತು. ಈ ತಿಂಗಳು ಮುಗಿಸಿ, ದೊಡ್ಡ ಕಡೆ ಎಲ್ಲಿಯಾದರೂ ನೋಡಿ" ಎಂದರು. ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅವರ ಹೆಂಡತಿ ಕುಂಕುಮ ಹಚ್ಚಿ, ವೀಳ್ಯದೊಂದಿಗೆ ಅದೇ ಬಳ್ಳಿಯ ತುಂಡೊಂದನ್ನು ಬಾಳೆಲೆಯಲ್ಲಿ ಸುತ್ತಿ ಕೊಟ್ಟರು. "ದ್ರಾಕ್ಷಿಯೇ ಅದು. ನೆಟ್ಟು ನೋಡಿ, ಆಗ ಗೊತ್ತಾಗ್ತದೆ."

ಕುಂಕುಮದ ಜೊತೆ ಬಂದದ್ದನ್ನು ಬಿಸಾಡಲು ನಮ್ಮ ಮನೆಯಲ್ಲಿ ಬಿಡುವುದಿಲ್ಲ. ಮರುದಿನ ಬೆಳಿಗ್ಗೆ ಬಾವಿಕಟ್ಟೆಯ ಬದಿಯಲ್ಲಿ ಅದನ್ನು ನೆಡುತ್ತಿದ್ದಾಗ ಅಮ್ಮ ಬಂದು ನಿಂತರು.

"ಸಂಚಾಲಕರ ಮನೆಯದ್ದಾ? ಖಾಯಂ ಆಯಿತೆಂದು ಕೊಟ್ಟದ್ದಲ್ಲವಾ ಮಗಾ?"

"ಹೌದಮ್ಮ" ಎಂದೆ, ಬುಡಕ್ಕೆ ಒಂದು ತಂಬಿಗೆ ನೀರು ಹೊಯ್ದೆ.